45 ಲಕ್ಷ ಇದೆ: ಐಐಟಿ ಕಡೆ ಪ್ಲಾಟ್ ಹಿಡಿಯೋದಾ, ಸಪ್ತಾಪುರದಲ್ಲಿ ಬಾಡಿಗೆ ಮನೆ ಕೊಳ್ಳೋದಾ?

ನವಲೂರ ಪೇರಲ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಅಪ್ಪಾಜಿ ರೈಲ್ವೆಯಿಂದ ನಿವೃತ್ತರಾದರು. ಅವರಿಗೆ ಬಂದ ರೊಕ್ಕ, ನನ್ನ ಉಳಿತಾಯ ಎಲ್ಲ ಸೇರಿ 45 ಲಕ್ಷದ ಹತ್ತಿರ ಆಗುತ್ತದೆ. ನಮಗೆ ಇರೋದಕ್ಕೆ ಸ್ವಂತ ಮನೆ ಇದೆ. ಹಾಗಾಗಿ ಇದು ಪೂರ್ತಿ ಆದಾಯಕ್ಕೆ ಅಂತ ಹಾಕುವ ಹಣ.

ಮನೆಯಲ್ಲಿ ಮೂರು ಮಾತು ನಡೆದಿವೆ. ಭಾವ ಹೇಳುವುದು ಚಿಕ್ಕಮಲ್ಲಿಗವಾಡದ ಕಡೆ ಎರಡು ಪ್ಲಾಟ್ ಹಿಡಿ, ಐಐಟಿ ಇದೆ, ಐದು ವರ್ಷದಲ್ಲಿ ಎರಡು ಪಟ್ಟು ಆಗುತ್ತದೆ ಅಂತ. ಅಪ್ಪಾಜಿಗೆ ತಿಂಗಳಿಗೆ ಏನಾದರೂ ಕೈಗೆ ಬರಬೇಕು. ಅದಕ್ಕೆ ಸಪ್ತಾಪುರ ಅಥವಾ ಕಲ್ಯಾಣ ನಗರದಲ್ಲಿ ಹಳೆ ಮನೆ ಕೊಂಡು ಓದುವ ಹುಡುಗರಿಗೆ ಕೊಡೋಣ ಅನ್ನುತ್ತಾರೆ. ನನಗೆ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಫ್ಲ್ಯಾಟ್ ಸಾಕು ಅನ್ನಿಸುತ್ತದೆ, ತಲೆನೋವು ಕಡಿಮೆ.

ಅನುಭವ ಇದ್ದವರು ಹೇಳಿ. ದಯವಿಟ್ಟು 'ಭೂಮಿ ಎಂದೂ ಕೈ ಬಿಡಲ್ಲ' ಅನ್ನುವ ಮಾತು ಬೇಡ, ಅದನ್ನು ಭಾವ ದಿನಾ ಹೇಳುತ್ತಾರೆ.

ಪ್ಲಾಟ್ ಪ್ರೇಮಿ (ಹುಬ್ಬಳ್ಳಿ)

ನಿಮ್ಮ ಭಾವ ಹೇಳಿದ್ದೇ ಸರಿ. ಈ ಕಡೆ ಏನೇನು ಬಂತು ನೋಡಿ. ಹೈಕೋರ್ಟ್ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಐಐಟಿಯ ಹೊಸ ಕ್ಯಾಂಪಸ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಬೆಂಗಳೂರಿಗೆ ವಂದೇ ಭಾರತ್ ಶುರುವಾಯಿತು. ಬೈಪಾಸ್ ಅಗಲ ಆಗುತ್ತಿದೆ. ಕಿತ್ತೂರು ಮೇಲಿಂದ ಬೆಳಗಾವಿಗೆ ಹೊಸ ರೈಲು ಮಾರ್ಗ ಬರಲಿದೆ. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ ಸಂಪುಟ ಒಪ್ಪಿಗೆ ಕೊಟ್ಟಿತು. ಇಷ್ಟೆಲ್ಲ ಆದ ಮೇಲೂ ಪ್ಲಾಟ್ ಬೇಡ ಅಂದರೆ ಏನು ಹೇಳೋಣ? ಒಳ್ಳೆ ಲೇಔಟ್ ಇದೆ, ನನ್ನ ನಂಬರಿಗೆ ಫೋನ್ ಮಾಡಿ

ನಿರ್ವಾಹಕ

ಮೇಲಿನ ಬರಹದಿಂದ ಫೋನ್ ನಂಬರ್ ತೆಗೆದಿದ್ದೇವೆ. ಮಾರುವವರು ಮಾರುವವರ ವಿಭಾಗಕ್ಕೆ ಹೋಗಿ. ಇಲ್ಲಿ ಚರ್ಚೆ ಮಾತ್ರ.

ಸಪ್ತಾಪುರ ಅಕ್ಕ (ಧಾರವಾಡ)

ನಾನು ಹುಡುಗರಿಗೆ ಪಿಜಿ ನಡೆಸುತ್ತೇನೆ. ಹಾಗಾಗಿ ಐಐಟಿ ವಿಷಯ ಮೊದಲು ಹೇಳುತ್ತೇನೆ. ಐಐಟಿ ಅಂದರೆ ವಸತಿ ಸಂಸ್ಥೆ. ಹುಡುಗರು ಕ್ಯಾಂಪಸ್ ಒಳಗಿನ ಹಾಸ್ಟೆಲ್‌ನಲ್ಲೇ ಇರುತ್ತಾರೆ, ಊಟಾನೂ ಅಲ್ಲೇ. ತಡಸಿನಕೊಪ್ಪದ ಐಐಐಟಿಯಲ್ಲೂ ಹಾಸ್ಟೆಲ್ ಇದೆ. ಅವರು ಹೊರಗೆ ಮನೆ ಹುಡುಕಲು ಬರುವುದಿಲ್ಲ. ಐಐಟಿ ಹೆಸರು ಕೇಳಿ ಪ್ಲಾಟಿನ ದರ ಏರುತ್ತದೆ, ಬಾಡಿಗೆದಾರ ಮಾತ್ರ ಹುಟ್ಟುವುದಿಲ್ಲ. ಈ ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ.

ನಮ್ಮ ಸಪ್ತಾಪುರ, ಶ್ರೀನಗರ ಸರ್ಕಲ್, ಕಲ್ಯಾಣ ನಗರ ತುಂಬುವುದು ಬೇರೆ ಮಂದಿಯಿಂದ. ಪಿಎಸ್‌ಐ, ಪಿಡಿಒ, ಕೆಎಎಸ್, ಶಿಕ್ಷಕರ ನೇಮಕಾತಿ ಅಂತ ಓದುವವರು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಎಲ್ಲೆಲ್ಲಿಂದಲೋ ಬರುತ್ತಾರೆ. ಕೋಚಿಂಗ್ ಕ್ಲಾಸು, ಓದುವ ಕೊಠಡಿ, ಜೆರಾಕ್ಸ್ ಅಂಗಡಿ, ಖಾನಾವಳಿ, ಎಲ್ಲ ನಡೆದು ಹೋಗುವಷ್ಟು ಹತ್ತಿರ ಬೇಕು ಅವರಿಗೆ. ಅರ್ಧ ಕಿಲೋಮೀಟರ್ ದೂರ ಆದರೂ ಬಾಡಿಗೆ ಇಳಿಯುತ್ತದೆ.

ಅಂದರೆ ನಮ್ಮ ಧಂದೆ ನೇಮಕಾತಿ ಅಧಿಸೂಚನೆ ಮೇಲೆ ನಿಂತಿದೆ. ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ಅಧಿಸೂಚನೆ ನಿಲ್ಲಿಸಿದರಲ್ಲ, ಆಗ ಏನಾಯಿತು ನೆನಪಿದೆ ಅಲ್ವಾ? 2025ರಲ್ಲಿ ಇದೇ ಧಾರವಾಡದಲ್ಲಿ ಹುಡುಗರು ಬೀದಿಗೆ ಇಳಿದರು. ಮನೆಯಿಂದ ರೊಕ್ಕ ತರಿಸಿಕೊಂಡು ಎಷ್ಟು ದಿನ ಅಂತ ಇಲ್ಲಿ ಕೂರುತ್ತಾರೆ? ಎಷ್ಟೋ ಮಂದಿ ಊರಿಗೆ ಹೋದರು, ಹಾಸಿಗೆ ಖಾಲಿ ಬಿದ್ದವು. ಸಪ್ತಾಪುರದಲ್ಲಿ ಮನೆ ಕೊಳ್ಳುವವರು ರಿಯಲ್ ಎಸ್ಟೇಟ್ ಸುದ್ದಿ ಓದುವುದಕ್ಕಿಂತ ನೇಮಕಾತಿ ಪರೀಕ್ಷೆ ನಡೆಸುವ ಕೆಪಿಎಸ್‌ಸಿ, ಕೆಇಎ ಏನು ಹೊರಡಿಸಿದವು ಅಂತ ನೋಡುವುದು ಒಳ್ಳೆಯದು.

ಇನ್ನೊಂದು ಮಾತು. ಪಿಜಿ ಅಂದರೆ ಬಾಡಿಗೆ ಮನೆ ಅಲ್ಲ, ದಿನದ ಕೆಲಸ. ಅಡುಗೆಯವರು ಬರಲಿಲ್ಲ, ಮೋಟರ್ ಸುಟ್ಟಿತು, ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಗೇಟ್ ಹಾರಿದ. ನಿಮ್ಮ ಅಪ್ಪಾಜಿಗೆ ಈ ವಯಸ್ಸಿನಲ್ಲಿ ಇದು ಬೇಕಾ? ಬೇರೆ ಬೇರೆ ಕೊಠಡಿ ಮಾಡಿ, ಅಡುಗೆ ಅವರೇ ಮಾಡಿಕೊಳ್ಳಲಿ ಅಂತ ಕೊಟ್ಟರೆ ಬರುವುದು ಕಡಿಮೆ, ನೆಮ್ಮದಿ ಜಾಸ್ತಿ.

ಗೋಕುಲ ರೋಡ್ ಹುಡುಗ (ಹುಬ್ಬಳ್ಳಿ)

ಅಕ್ಕಾರ ಮಾತು ಹುಬ್ಬಳ್ಳಿಗೂ ಹೊಂದುತ್ತದೆ. ನಮ್ಮ ಕಡೆ ಇನ್ಫೋಸಿಸ್ ಕಟ್ಟಡ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಅದನ್ನು ತೋರಿಸಿಯೇ ಸುತ್ತಲಿನ ಫ್ಲ್ಯಾಟ್, ಪ್ಲಾಟ್ ಮಾರಿದರು. 2022ರಲ್ಲಿ ಕೆಲಸ ಶುರುವಾಯಿತು, ಅದು ಒಳ್ಳೆಯದೇ. ಆದರೆ ಅಲ್ಲಿಗೆ ಬಂದವರು ಯಾರು? ಬಹಳ ಮಂದಿ ಇಲ್ಲಿನವರೇ. ಬೆಂಗಳೂರು, ಪುಣೆಯಿಂದ ವರ್ಗ ಮಾಡಿಸಿಕೊಂಡು ಅಪ್ಪ-ಅಮ್ಮನ ಮನೆಗೆ ಬಂದವರು. ನಾನೂ ಅವರಲ್ಲಿ ಒಬ್ಬ. ನಾನು ಯಾರಿಗೂ ಬಾಡಿಗೆ ಕೊಡುತ್ತಿಲ್ಲ.

ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಗಟ್ಟಿ ಇರುವುದು ವಿದ್ಯಾನಗರ. ಕಿಮ್ಸ್ ಆಸ್ಪತ್ರೆ ಇದೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಬಾಗಿಲಿಗೇ ಬರುತ್ತದೆ. ಡಾಕ್ಟರು, ನರ್ಸು, ಕಾಲೇಜು ಹುಡುಗರು, ಔಷಧ ಕಂಪನಿ ಮಂದಿ, ಯಾರಾದರೂ ಒಬ್ಬರು ಸಿಗುತ್ತಾರೆ. ಕೇಶ್ವಾಪುರಕ್ಕೆ ರೈಲ್ವೆ ನೌಕರರು ಇದ್ದೇ ಇದ್ದಾರೆ, ನೈರುತ್ಯ ರೈಲ್ವೆ ಕೇಂದ್ರ ಕಚೇರಿ ಅಲ್ಲೇ ಅಲ್ವಾ.

ಲೆಕ್ಕದ ಮನುಷ್ಯ (ಹುಬ್ಬಳ್ಳಿ)

ತೆರಿಗೆ ಕೆಲಸ ಮಾಡುವವನು ನಾನು. ಯಾರೂ ಲೆಕ್ಕ ಹಾಕದೆ ಮಾತಾಡುತ್ತಿದ್ದೀರಿ, ಸ್ವಲ್ಪ ಹಾಕೋಣ.

ಉದಾಹರಣೆಗೆ 40 ಲಕ್ಷದ ಮನೆ, ತಿಂಗಳಿಗೆ 11 ಸಾವಿರ ಬಾಡಿಗೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,32,000. ಒಂದು ತಿಂಗಳು ಖಾಲಿ, ಮನೆಪಟ್ಟಿ (ಮನೆ ತೆರಿಗೆ), ಬಣ್ಣ, ನಳದ ರಿಪೇರಿ ತೆಗೆದರೆ ಕೈಗೆ ಲಕ್ಷದ ಆಸುಪಾಸು. ಅಂದರೆ ಶೇ 2.5ರ ಸುತ್ತ. ಬ್ಯಾಂಕ್ ಠೇವಣಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಆದ್ದರಿಂದ ಮನೆ ಕೊಳ್ಳುವುದು ಬಾಡಿಗೆಗೆ ಮಾತ್ರ ಅಂದರೆ ಅದು ನಷ್ಟದ ವ್ಯಾಪಾರ. ಬಾಡಿಗೆ ಜೊತೆ ಜಾಗದ ಬೆಲೆಯೂ ಏರಬೇಕು. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿನ ಜಾಗ ಎಷ್ಟು ಅಂತ ಕೇಳಿ, ಉತ್ತರ ಕೇಳಿದ ಮೇಲೆ ಫ್ಲ್ಯಾಟಿನ ಆಸೆ ಅರ್ಧ ಇಳಿಯುತ್ತದೆ.

ಕೊಳ್ಳುವಾಗಿನ ಖರ್ಚು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ಪಟ್ಟಣದಲ್ಲಿ ಒಟ್ಟು ಶೇ 7.6. ಪೂರ್ತಿ 45 ಲಕ್ಷದ ಆಸ್ತಿ ಅಂದರೆ 3,42,000 ರೂಪಾಯಿ ನೋಂದಣಿಗೇ ಹೋಯಿತು. ಪೇರಲ ಅವರೇ, ನಿಮ್ಮ ಬಜೆಟ್ 45 ಅಲ್ಲ, 41 ಅಂತ ತಿಳಿಯಿರಿ. ಐದು ವರ್ಷದಲ್ಲಿ ಎರಡು ಪಟ್ಟು ಅನ್ನುವವರಿಗೆ ಒಂದು ಪ್ರಶ್ನೆ: ಅದಕ್ಕೆ ವರ್ಷಕ್ಕೆ ಸುಮಾರು ಶೇ 15 ಏರಬೇಕು, ಬಿಡದೆ. ನಿಮ್ಮ ಓಣಿಯಲ್ಲಿ ಹಾಗೆ ಏರಿದೆಯಾ?

ಸಾಲದ ಸುದ್ದಿ ಒಳ್ಳೆಯದಿದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿ) ಹಂತ ಹಂತವಾಗಿ ಶೇ 6.5ರಿಂದ ಶೇ 5.25ಕ್ಕೆ ತಂದಿತು. 30 ಲಕ್ಷದ ಸಾಲ, 20 ವರ್ಷ. ಬಡ್ಡಿ ಶೇ 8.75 ಇದ್ದಾಗ ಕಂತು 26,500ರ ಹತ್ತಿರ, ಶೇ 7.5ಕ್ಕೆ ಇಳಿದರೆ 24,200ರ ಹತ್ತಿರ. ಹಳೆ ಸಾಲ ಇದ್ದವರು ನಿಮ್ಮ ಬ್ಯಾಂಕ್ ಇಳಿಸಿದೆಯಾ ಅಂತ ಸುಮ್ನೆ ಒಮ್ಮೆ ಹೋಗಿ ಕೇಳಿ. ಕೆಲವು ಹಳೆ ಸಾಲ ರೆಪೊಗೆ ಜೋಡಣೆ ಆಗಿರುವುದಿಲ್ಲ, ಬ್ಯಾಂಕಿನವರು ತಾವಾಗಿ ಇಳಿಸುವುದಿಲ್ಲ.

ಎರಿ ಮಣ್ಣು (ನವಲಗುಂದ ರಸ್ತೆ)

ಸಿವಿಲ್ ಕೆಲಸ ಮಾಡಿಸುವವನು. ಪ್ಲಾಟ್ ಹಿಡಿಯುವವರು ದರ ಕೇಳುತ್ತಾರೆ, ಮಣ್ಣು ಕೇಳುವುದಿಲ್ಲ. ಧಾರವಾಡದಿಂದ ಪಶ್ಚಿಮಕ್ಕೆ, ಕೆಲಗೇರಿ, ಹಳಿಯಾಳ ರಸ್ತೆ ಕಡೆ ಹೆಚ್ಚಾಗಿ ಕೆಂಪು ಮಸಾರಿ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಕುಸುಗಲ್, ನವಲಗುಂದ, ಗದಗ ರಸ್ತೆ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಎರಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಮನೆಯನ್ನೂ ಜೊತೆಗೆ ಎತ್ತುತ್ತದೆ, ಇಳಿಸುತ್ತದೆ. ಗೋಡೆಯಲ್ಲಿ ಅಡ್ಡ ಬಿರುಕು ಬಂದ ಮನೆಗಳನ್ನು ಈ ಕಡೆ ಬಂದು ನೋಡಿ.

ಎರಿಯಲ್ಲಿ ಕಟ್ಟಬಾರದು ಅಂತಲ್ಲ. ಗಟ್ಟಿ ಪದರು ಸಿಗುವ ತನಕ ಅಗೆದು ಗರಸು ತುಂಬಬೇಕು, ಇಲ್ಲ ಕಂಬದ ಅಡಿಪಾಯ ಹಾಕಬೇಕು. ಕೆಳಗೆ ಕಟ್ಟು ಪಟ್ಟಿ ಬೇಕೇ ಬೇಕು. ಅಡಿಪಾಯದ ಖರ್ಚು ಮಸಾರಿಗಿಂತ ಬಹಳ ಜಾಸ್ತಿ. ಪ್ಲಾಟ್ ಅಗ್ಗ ಸಿಕ್ಕಿತು ಅಂತ ಕುಣಿದವರು ಆ ಉಳಿತಾಯವನ್ನು ನೆಲದೊಳಗೆ ಹೂಳುತ್ತಾರೆ.

ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು ಶೇ 18 ಆಯಿತು. ಅನುಕೂಲ ಆಯಿತು, ಸುಳ್ಳಲ್ಲ. ಆದರೆ ಮರಳು, ಕೂಲಿ ಏನೂ ಇಳಿದಿಲ್ಲ.

ಇನ್ನೊಂದು, ಇದನ್ನು ಹೇಳಲೇಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ ಬೇಗ ಬರಲಿ ಅಂತ ಅರ್ಧ ಕಟ್ಟಿದ ಕಟ್ಟಡ ತುಂಬಿಸುವ ಚಾಳಿ ಈಗಲೂ ನಿಂತಿಲ್ಲ. ಹಳೆ ಮನೆ ಮೇಲೆ ಇನ್ನೊಂದು ಮಹಡಿ ಏರಿಸಿ ಕೊಠಡಿ ಮಾಡುತ್ತೇವೆ ಅನ್ನುವವರು ಮೊದಲು ಎಂಜಿನಿಯರ್ ಕರೆದು ಕೆಳಗಿನ ಕಂಬ ತೋರಿಸಿ. ಮೇಸ್ತ್ರಿ 'ಆಗುತ್ತದೆ ಬಿಡ್ರಿ' ಅಂದದ್ದು ಸಾಲದು.

ಕೇಶ್ವಾಪುರ ಬಾಡಿಗೆದಾರ (ಹುಬ್ಬಳ್ಳಿ)

ಎಲ್ಲರೂ ಮಾಲೀಕರೇ ಮಾತಾಡುತ್ತಿದ್ದೀರಿ, ಬಾಡಿಗೆ ಕಟ್ಟುವವನ ಮಾತೂ ಕೇಳಿ. ನಾವು ಮನೆ ನೋಡಲು ಬಂದಾಗ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತಲ್ಲ, ನೀರು ಎಷ್ಟು ದಿನಕ್ಕೊಮ್ಮೆ ಅಂತ. ಕೆಲವು ವಾರ್ಡಿಗೆ 24 ತಾಸು ನೀರು. ಪಕ್ಕದ ಓಣಿಗೆ ವಾರ ಕಾಯಬೇಕು. ಮಲಪ್ರಭಾ ನೀರು ಎಲ್ಲರಿಗೂ ಒಂದೇ, ಪೈಪ್ ಮಾತ್ರ ಬೇರೆ. ದೊಡ್ಡ ನೆಲತೊಟ್ಟಿ ಇಲ್ಲದ ಮನೆಗೆ ಬಾಡಿಗೆ ಸಾವಿರ ಕಡಿಮೆ ಹೇಳಿದರೂ ನಾನು ಹೋಗುವುದಿಲ್ಲ.

ಇನ್ನು ಗೃಹಜ್ಯೋತಿ. ಒಂದೇ ಮೀಟರ್, ಮೂರು ಮನೆ. ಸರ್ಕಾರದಿಂದ ಬಿಲ್ ಸೊನ್ನೆ ಬರುತ್ತದೆ, ಮಾಲೀಕರು ಒಳಗಿನ ಸಣ್ಣ ಮೀಟರ್ ನೋಡಿ ನಮ್ಮಿಂದ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುತ್ತಾರೆ. ಇದು ಯಾವ ನ್ಯಾಯ ಸ್ವಾಮಿ?

ಜಾತಿ ಕೇಳುವುದು ಬೇರೆ. ಫೋನಿನಲ್ಲಿ ಮನೆ ಖಾಲಿ ಇರುತ್ತದೆ, 'ನೀವು ಯಾವ ಮಂದಿ?' ಅಂತ ಕೇಳಿದ ಮೇಲೆ ಸಂಬಂಧಿಕರಿಗೆ ಕೊಟ್ಟುಬಿಟ್ಟಿರುತ್ತಾರೆ. ಎರಡು ತಿಂಗಳು ಮನೆ ಖಾಲಿ ಇಟ್ಟುಕೊಂಡು ಆಮೇಲೆ 'ಮಾರ್ಕೆಟ್ ಡಲ್ ಇದೆ' ಅನ್ನುತ್ತೀರಿ.

ಸಪ್ತಾಪುರ ಅಕ್ಕ

ಬಾಡಿಗೆದಾರರ ಮಾತು ಖಾರ ಇದೆ, ಆದರೆ ಖರೆ ಇದೆ. ಮನೆ ಮನೆಗೂ ಬೇರೆ ಮೀಟರ್ ಹಾಕಿಸಿದರೆ ಗೃಹಜ್ಯೋತಿ ಬಾಡಿಗೆದಾರರ ಹೆಸರಿನಲ್ಲೇ ಆಗುತ್ತದೆ. ಹಿಂದಿನ ಸರಾಸರಿ ಬಳಕೆ ನೋಡಿ 200 ಯೂನಿಟ್ ಮಿತಿಯೊಳಗೆ ಕೊಡುತ್ತಾರೆ. ಅವರು ಬಿಟ್ಟು ಹೋಗುವಾಗ ಆಧಾರ್ ಜೋಡಣೆ ಬಿಡಿಸಿ ಹೋಗಬೇಕು, ಅದನ್ನು ಕರಾರಿನಲ್ಲೇ ಬರೆಸಿ. ಇಲ್ಲದಿದ್ದರೆ ಮುಂದೆ ಬಂದವರಿಗೆ ತೊಂದರೆ. ಬೇರೆ ಮೀಟರ್ ಇದ್ದ ಮನೆ ಬೇಗ ಹೋಗುತ್ತದೆ, ಇದು ನನ್ನ ಓಣಿಯಲ್ಲಿ ನಾನೇ ಕಂಡದ್ದು.

ಜಾತಿ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಕೇಳುವುದಿಲ್ಲ. ಕೇಳುವವರು ಬಹಳ ಇದ್ದಾರೆ.

ಸಿಟಿಎಸ್ ಕಾಕಾ (ಧಾರವಾಡ)

ದಸ್ತಾವೇಜು ಬರೆಯುವ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಪ್ಲಾಟ್ ಪ್ರೇಮಿ ಹೇಳಿದ ಸುದ್ದಿ ಎಲ್ಲ ನಿಜ. ಆದರೆ ಸುದ್ದಿ ಬಂದ ದಿನ ಮೊದಲು ಹುಟ್ಟುವುದು ಬಾಂಡ್ ಮೇಲಿನ ಪ್ಲಾಟು. ರೈತರ ಹೊಲ, ಎನ್‌ಎ (ಕೃಷಿಯೇತರ) ಆಗಿಲ್ಲ, ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ನಕ್ಷೆ ಇಲ್ಲ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಗುಂಟೆ ಲೆಕ್ಕದಲ್ಲಿ ಮಾರುತ್ತಾರೆ. ನೂರು ರೂಪಾಯಿ ಬಾಂಡಿನ ಮೇಲೆ ಬರೆದ ಕಾಗದದಿಂದ ಮಾಲಕಿ ಬರುವುದಿಲ್ಲ. ನೋಟರಿ ಮುದ್ರೆ ಹೊಡೆದರೂ ಬರುವುದಿಲ್ಲ.

ಈಗ ಇ-ಖಾತಾ (ಆಸ್ತಿ ತೆರಿಗೆಯ ಡಿಜಿಟಲ್ ದಾಖಲೆ) ಬಂದ ಮೇಲೆ ಇದು ಇನ್ನೂ ಬಿಗಿ ಆಗಿದೆ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿ ಆಗುವುದಿಲ್ಲ. 2025ರಲ್ಲಿ ಬಿ ಖಾತಾ ಅಭಿಯಾನ ಮಾಡಿದರು. ಅನಧಿಕೃತ ಬಡಾವಣೆಯವರೂ ತೆರಿಗೆ ಜಾಲಕ್ಕೆ ಬರಲಿ ಅಂತ. ಬಿ ಖಾತಾ ಸಿಕ್ಕಿತು ಅಂದರೆ ಬಡಾವಣೆ ಸಕ್ರಮ ಆಯಿತು ಅಂತ ಕೆಲವರು ಹೇಳಿ ಮಾರುತ್ತಿದ್ದಾರೆ. ಹಾಗಲ್ಲ. ಖಾತಾ ಅನ್ನುವುದು ತೆರಿಗೆ ಲೆಕ್ಕ, ಬಿ ಅನ್ನುವುದು ನಿಮ್ಮ ಆಸ್ತಿಯಲ್ಲಿ ಕೊರತೆ ಇದೆ ಅನ್ನುವ ಗುರುತು. ಹಳ್ಳಿ ಪಂಚಾಯಿತಿ ಹದ್ದಿನಲ್ಲಿ ಇದ್ದರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಡಿಜಿಟಲ್ ದಾಖಲೆ), ನಮೂನೆ 9 ಮತ್ತು 11 ನೋಡಿ. ಚಿಕ್ಕಮಲ್ಲಿಗವಾಡದ ಕಡೆ ಹೋದರೆ ಇದು ಬರುತ್ತದೆ.

ಹೊಲದ ಹಳೆ ಉತಾರ (ಪಹಣಿ) ತೆಗೆಸಿ, ಬೋಜಾ (ಸಾಲದ ಹೊರೆ) ಇದೆಯಾ ನೋಡಿ. ಸೊಸೈಟಿ ಸಾಲ ಉತಾರದ ಮೇಲೆ ಕೂತಿರುತ್ತದೆ, ಮಾರುವವರು ಮರೆತಿರುತ್ತಾರೆ. ಬೈಪಾಸ್, ರೈಲು ಮಾರ್ಗ, ಕೈಗಾರಿಕಾ ಪ್ರದೇಶಕ್ಕೆ ಭೂಸ್ವಾಧೀನದ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯಾ ವಿಚಾರಿಸಿ. ಧಾರವಾಡದ ಹತ್ತಿರದ ಮುಮ್ಮಿಗಟ್ಟಿ, ಬೇಲೂರು ಕಡೆ ಇದು ಬಹಳ ಮುಖ್ಯ. ಊರೊಳಗಿನ ಮನೆ ಆದರೆ ಸಿಟಿಎಸ್ (ಸಿಟಿ ಸರ್ವೆ) ಉತಾರ ಬೇಕು.

ಒಂದು ಸುಲಭ ಉಪಾಯ ಹೇಳುತ್ತೇನೆ. ನಿಮಗೆ ಸಾಲ ಬೇಡದಿದ್ದರೂ ಬ್ಯಾಂಕಿಗೆ ಹೋಗಿ ಐದು ಲಕ್ಷ ಸಾಲ ಕೇಳಿ. ಅವರ ವಕೀಲರು ಕಾಗದ ನೋಡುತ್ತಾರೆ, ಅವರ ಎಂಜಿನಿಯರ್ ಜಾಗ ನೋಡುತ್ತಾರೆ. 'ಈ ಆಸ್ತಿ ಮೇಲೆ ಸಾಲ ಕೊಡುವುದಿಲ್ಲ' ಅಂತ ಬಂದರೆ ಕಾರಣ ಕೇಳಿ, ಅಲ್ಲಿಗೇ ನಿಮ್ಮ ಉತ್ತರ ಸಿಕ್ಕಿತು.

ಪ್ಲಾಟ್ ಪ್ರೇಮಿ

ಕಾಕಾ, ಎಲ್ಲರೂ ಬಾಂಡ್ ಮೇಲೆ ಮಾರುವುದಿಲ್ಲ. ಹುಡಾ ಒಪ್ಪಿಗೆ, ಕೆಜೆಪಿ (ಸೈಟ್ ವಿಂಗಡಣೆಯ ಸರ್ವೆ ದಾಖಲೆ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಎಲ್ಲ ಇರುವ ಲೇಔಟ್ ಇವೆ. ನೀವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಿರಿ.

ಸಿಟಿಎಸ್ ಕಾಕಾ

ಇವೆ ಅಂತ ನಾನೂ ಒಪ್ಪುತ್ತೇನೆ, ತಮ್ಮಾ. ಅಂಥ ಲೇಔಟಿಗೆ ಹೋದರೆ ಕೇಳಬೇಕಾದ್ದು ಬೇರೆ. 500 ಚದರ ಮೀಟರ್ ಮೀರಿದ ಯೋಜನೆಗೆ ರೇರಾ ನೋಂದಣಿ ಬೇಕು. ಗ್ರಾಹಕರಿಂದ ಬಂದ ಹಣದಲ್ಲಿ ಶೇ 70 ಬೇರೆ ಖಾತೆಯಲ್ಲಿ ಇಡಬೇಕು. ರೇರಾ ಜಾಲತಾಣದಲ್ಲಿ ಹೋಗಿ ನೋಡಿದರೆ ಕೆಲಸ ಎಲ್ಲಿಗೆ ಬಂತು ಅಂತ ಕಾಣುತ್ತದೆ. ಹುಡಾ ಎಲ್ಲ ಸೈಟ್ ಒಮ್ಮೆಲೇ ಬಿಡುಗಡೆ ಮಾಡುವುದಿಲ್ಲ. ರಸ್ತೆ, ಗಟಾರ, ಕರೆಂಟ್ ಮುಗಿದ ಹಾಗೆ ಬಿಡುತ್ತದೆ. ನಿಮಗೆ ತೋರಿಸುವ ನಂಬರ್ ಬಿಡುಗಡೆ ಆಗಿದೆಯಾ? ಬ್ರೋಕರ್ ತೋರಿಸುವುದು ಲೇಔಟಿನ ಬಾಗಿಲ ಕಮಾನು, ನೀವು ನೋಡಬೇಕಾದ್ದು ಬಿಡುಗಡೆ ಪತ್ರ.

ಗದಗ ಬೆಟಗೇರಿ (ಗದಗ)

ಮಧ್ಯೆ ಒಂದು ಮಾತು. ಎಲ್ಲರೂ ಹುಬ್ಬಳ್ಳಿ-ಧಾರವಾಡ ಅಂತೀರಿ. ಗದಗದಲ್ಲಿ ಮಲ್ಲಸಮುದ್ರದ ಕಡೆ ಜಿಮ್ಸ್ ವೈದ್ಯಕೀಯ ಕಾಲೇಜು ಬಂದ ಮೇಲೆ ಬಾಡಿಗೆ ಕೇಳುವ ಮಂದಿ ಇದ್ದಾರೆ, ದರ ಹುಬ್ಬಳ್ಳಿಗಿಂತ ಬಹಳ ಕಡಿಮೆ. ಆದರೆ ಮಾರುವಾಗ ಕೊಳ್ಳುವವರು ಸಿಗಲು ತಡ ಆಗುತ್ತದೆ. ಅವಸರಕ್ಕೆ ರೊಕ್ಕ ಬೇಕಾದವರಿಗೆ ಗದಗ ಅಲ್ಲ.

ಬ್ಯಾಡಗಿ ಖಾರ (ಹಾವೇರಿ ಜಿಲ್ಲೆ)

ನಮ್ಮಲ್ಲಿ ಮನೆಗಿಂತ ಗೋದಾಮಿಗೆ ಬೇಡಿಕೆ. ಮೆಣಸಿನಕಾಯಿ ಸೀಸನ್‌ನಲ್ಲಿ ಚೀಲ ಇಡಲು ಜಾಗ ಸಾಲುವುದಿಲ್ಲ. ಆದರೆ ಸೀಸನ್ ಮುಗಿದ ಮೇಲೆ ಬೀಗ. 45 ಲಕ್ಷದವರಿಗೆ ಹೇಳಿ ಮಾಡಿಸಿದ್ದಲ್ಲ.

ದೂರದ ಮಾಲೀಕ (ಪುಣೆ)

ನನ್ನ ಮನೆ ಮಾಳಮಡ್ಡಿಯಲ್ಲಿದೆ, ಹಂಚಿನ ಹಳೆ ಮನೆ. ನಾನು ಪುಣೆಯಲ್ಲಿ. ಮಾರಿಬಿಡೋಣ ಅಂದರೆ ತೆರಿಗೆ ಎಷ್ಟು ಬೀಳುತ್ತದೆ? ಅಜ್ಜ ಕಟ್ಟಿಸಿದ್ದು. ಬಾಡಿಗೆಗೆ ಕೊಟ್ಟರೆ ಬಿಡಿಸುವುದು ಕಷ್ಟ ಅಂತ ಹೆದರಿಕೆ.

ಲೆಕ್ಕದ ಮನುಷ್ಯ

ನಿಮಗೆ ಲಾಭದ ಆಯ್ಕೆ ಇದೆ. 2024ರ ಜುಲೈ 23ಕ್ಕಿಂತ ಮೊದಲು ಬಂದ ಆಸ್ತಿಗೆ, ನೀವು ನಿವಾಸಿ ವ್ಯಕ್ತಿ ಆಗಿದ್ದರೆ, ಎರಡು ದಾರಿ. ಹಣದುಬ್ಬರದ ಲೆಕ್ಕ ಸೇರಿಸದೆ ಶೇ 12.5, ಅಥವಾ ಸೇರಿಸಿ ಶೇ 20. ಯಾವುದು ಕಡಿಮೆಯೋ ಅದು. 2001ಕ್ಕಿಂತ ಹಳೆ ಆಸ್ತಿ ಅಂದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆ ಅಂತ ಹಿಡಿಯಬಹುದು. ಅದಕ್ಕೆ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಮಾಳಮಡ್ಡಿಯಲ್ಲಿ ಮನೆ ಗೋಡೆಗಿಂತ ನೆಲಕ್ಕೇ ಬೆಲೆ, ಆ ವರದಿಯಲ್ಲಿ ಜಾಗದ ಅಳತೆ ಸರಿ ಇರಲಿ.

ಬಾಡಿಗೆ ಆದಾಯದ ತೆರಿಗೆಗೆ ಜನ ಸುಮ್ನೆ ಹೆದರುತ್ತಾರೆ. ನೀವು ಕಟ್ಟಿದ ಮನೆಪಟ್ಟಿ ಕಳೆದು, ಉಳಿದದ್ದರಲ್ಲಿ ಶೇ 30 ನೇರವಾಗಿ ಬಿಟ್ಟುಕೊಡುತ್ತಾರೆ, ರಸೀದಿ ಕೇಳುವುದಿಲ್ಲ. ಮೇಲಿನ 1,32,000 ಬಾಡಿಗೆಯಲ್ಲಿ ಪಟ್ಟಿ 6,000 ಇದ್ದರೆ ತೆರಿಗೆಗೆ ಬರುವುದು 88,200 ಮಾತ್ರ. ಊಟ ಹಾಕುವ ಪಿಜಿ ನಡೆಸಿದರೆ ಅದು ವ್ಯಾಪಾರದ ಲೆಕ್ಕ, ಅಲ್ಲಿ ಈ ಶೇ 30 ಇಲ್ಲ. ಹಾಸ್ಟೆಲ್, ಪಿಜಿಗೆ ಒಬ್ಬರಿಗೆ ತಿಂಗಳಿಗೆ 20 ಸಾವಿರದ ಒಳಗೆ ಇದ್ದು, 90 ದಿನ ಬಿಡದೆ ಇದ್ದರೆ ಜಿಎಸ್‌ಟಿ ಇಲ್ಲ. ಧಾರವಾಡದ ದರಕ್ಕೆ ಆ ಚಿಂತೆಯೇ ಬೇಡ.

ಪಾಲಿಕೆ ಮನೆಪಟ್ಟಿ ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ. ತಡ ಮಾಡಿದರೆ ಜುಲೈನಿಂದ ತಿಂಗಳಿಗೆ ಶೇ 2 ದಂಡ.

ಸಿಟಿಎಸ್ ಕಾಕಾ

ಬಿಡಿಸುವ ಹೆದರಿಕೆಗೆ ಒಂದು ಮಾತು. ಹನ್ನೊಂದು ತಿಂಗಳ ಕರಾರು ಎಲ್ಲರೂ ಮಾಡುತ್ತಾರೆ, ಯಾಕೆಂದರೆ ಒಂದು ವರ್ಷ ಮೀರಿದ ಲೀಸ್ ಕಡ್ಡಾಯವಾಗಿ ನೋಂದಣಿ ಆಗಬೇಕು. ಕರಾರು ಮಾಡುತ್ತಾರೆ, ಮುಗಿದ ಮೇಲೆ ಹೊಸದು ಮಾಡುವುದಿಲ್ಲ. ನಾಲ್ಕು ವರ್ಷ ಆದರೂ ಅದೇ ಹಳೆ ಕಾಗದ. ಜಗಳ ಆದಾಗ ಕೈಯಲ್ಲಿ ಏನೂ ಇರುವುದಿಲ್ಲ. ಪ್ರತಿ ಸಲ ಹೊಸ ಕರಾರು, ಬಾಡಿಗೆ ಬ್ಯಾಂಕ್ ಖಾತೆಗೆ, ಬಿಡುವ ನೋಟಿಸಿನ ಅವಧಿ ಬರವಣಿಗೆಯಲ್ಲಿ. ಇಷ್ಟು ಇದ್ದರೆ ಪುಣೆಯಲ್ಲಿ ಕೂತೂ ಮಲಗಬಹುದು.

ಆದರೆ ನಿಮ್ಮ ಮುಖ್ಯ ತೊಡಕು ಅದಲ್ಲ. ಅಜ್ಜನ ಮನೆ ಅಂದಿರಿ. ವಾರಸಾ ಆಗಿದೆಯಾ, ಅಂದರೆ ದಾಖಲೆಯಲ್ಲಿ ವಾರಸುದಾರರ ಹೆಸರು ಏರಿದೆಯಾ? ಮಾಳಮಡ್ಡಿಯಲ್ಲಿ ಎಷ್ಟೋ ಮನೆ ಹಂಚು ಬಿದ್ದು ನಿಂತಿರುವುದು ಬಾಡಿಗೆದಾರರಿಂದ ಅಲ್ಲ, ವಾರಸುದಾರರು ಹತ್ತು ಊರಲ್ಲಿ ಇರುವುದರಿಂದ.

ನವಲೂರ ಪೇರಲ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಪ್ಪಾಜಿಗೆ ಓದಿ ಹೇಳಿದೆ. ಪಿಜಿ ಬೇಡ, ಕೊಠಡಿ ಬಾಡಿಗೆ ಸಾಕು ಅಂತ ಅವರೇ ಹೇಳಿದರು. ಭಾವನಿಗೆ ಎರಿ, ಮಸಾರಿ ಲೆಕ್ಕ ಹೇಳಿದೆ, ಐಐಟಿ ಕಡೆ ಮಸಾರಿ ತಾನೇ ಅಂತ ಅವರಿಗೆ ಇನ್ನೂ ಖುಷಿ ಆಯಿತು. ಅದು ಬೇರೆ ಮಾತು.

ಈಗ ಕಲ್ಯಾಣ ನಗರದ ಬಾಜು ಒಂದು ಮನೆ ನೋಡಿದ್ದೇವೆ. 30-40ರ ಜಾಗ, ಕೆಳಗೆ ಒಂದು ಮನೆ, ಮೇಲೆ ಎರಡು ಕೊಠಡಿ ಹೊಸದಾಗಿ ಏರಿಸಿದ್ದಾರೆ. ಮಾಲೀಕರು ತೀರಿಕೊಂಡಿದ್ದಾರೆ, ಇಬ್ಬರು ಗಂಡು ಮಕ್ಕಳು ಮಾರುತ್ತಿದ್ದಾರೆ. ಒಬ್ಬ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದಾರಂತೆ. 'ಅಕ್ಕ ಏನೂ ಅನ್ನಲ್ಲ, ಮದುವೆಯಲ್ಲೇ ಎಲ್ಲ ಕೊಟ್ಟಿದ್ದೇವೆ' ಅನ್ನುತ್ತಾರೆ. ಮೇಲಿನ ಕೊಠಡಿಗೆ ಇನ್ನೂ ಬೇರೆ ಮೀಟರ್ ಬಂದಿಲ್ಲ. ಈ ವಾರವೇ ಎರಡು ಲಕ್ಷ ಸಂಚಕಾರ (ಮುಂಗಡ) ಕೊಡಿ, ಬೇರೆ ಗಿರಾಕಿ ಇದ್ದಾರೆ ಅಂತ ಅವಸರ ಮಾಡುತ್ತಿದ್ದಾರೆ. ಕೊಡಬಹುದಾ?

ಎರಿ ಮಣ್ಣು

ಮೀಟರ್ ಯಾಕೆ ಬಂದಿಲ್ಲ ಕೇಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕಟ್ಟಡ ಮುಗಿದ ಪ್ರಮಾಣಪತ್ರ, ವಾಸಯೋಗ್ಯ ಪತ್ರ ಇಲ್ಲದವರಿಗೆ ಹೊಸ ವಿದ್ಯುತ್ ಸಂಪರ್ಕ ಸಿಗುವುದು ತೊಡಕಾಯಿತು. ರಾಜ್ಯದಲ್ಲಿ ಲಕ್ಷಗಟ್ಟಲೆ ಅರ್ಜಿ ನಿಂತವು, ಆಮೇಲೆ ಸಣ್ಣ ಮನೆಗಳಿಗೆ ವಿನಾಯಿತಿಯ ಮಾತು ಶುರುವಾಯಿತು. ಮೇಲಿನ ಮಹಡಿಗೆ ಪಾಲಿಕೆ ಪರವಾನಗಿ ಇತ್ತಾ? ನಕ್ಷೆ ತರಿಸಿ, ಕಟ್ಟಿದ್ದು ಹಾಗೇ ಇದೆಯಾ ಟೇಪ್ ಹಿಡಿದು ನೋಡಿ. ವಿದ್ಯುತ್ ಕಂಪನಿ ಹೆಸ್ಕಾಂನ ಸೆಕ್ಷನ್ ಕಚೇರಿಗೆ ನೀವೇ ಹೋಗಿ, ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಹೇಳಿ ವಿಚಾರಿಸಿ. ಮಾರುವವರ ಮಾತು ಬೇಡ.

ಕೇಶ್ವಾಪುರ ಬಾಡಿಗೆದಾರ

ಮೇಲಿನ ಕೊಠಡಿಗೆ ನೀರು ಏರುತ್ತದಾ ಅದನ್ನೂ ನೋಡಿ.

ಸಿಟಿಎಸ್ ಕಾಕಾ

ಈಗ ಕೊಡಬೇಡಿ. ಮದುವೆಯಲ್ಲಿ ಕೊಟ್ಟದ್ದು ಆಸ್ತಿ ಪಾಲಿಗೆ ಸಮ ಆಗುವುದಿಲ್ಲ. ತಂದೆಯ ಸ್ವಂತ ಗಳಿಕೆಯ ಮನೆ ಆದರೆ, ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮಗಳು, ಗಂಡು ಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತ ಆದರೆ 2005ರ ತಿದ್ದುಪಡಿ ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ: ಮಗಳ ಹಕ್ಕು ಹುಟ್ಟಿನಿಂದಲೇ. ಹೇಗೆ ತಿರುಗಿಸಿದರೂ ಸೊಲ್ಲಾಪುರದ ಅಕ್ಕನ ಸಹಿ ಬೇಕು. ಒಂದೋ ಅವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಖರೀದಿ ಪತ್ರಕ್ಕೆ ತಾವೂ ಮಾರುವವರಾಗಿ ಸಹಿ ಮಾಡಬೇಕು, ಇಲ್ಲ ತಮ್ಮಂದಿರ ಹೆಸರಿಗೆ ಹಕ್ಕು ಬಿಟ್ಟ ಪತ್ರ ನೋಂದಣಿ ಮಾಡಿಕೊಡಬೇಕು. ಬಿಳಿ ಹಾಳೆಯ ಒಪ್ಪಿಗೆ ಬೇಡ, ವಾಟ್ಸಾಪ್ ಮೆಸೇಜ್ ಬೇಡ.

ಸಿಟಿಎಸ್ ಉತಾರದಲ್ಲಿ ವಾರಸಾ ಮೂವರ ಹೆಸರಿಗೆ ಏರಿದೆಯಾ ನೋಡಿ. ಏರಿಲ್ಲ ಅಂದರೆ ಇ-ಖಾತಾ ಕೂಡ ತೀರಿಕೊಂಡವರ ಹೆಸರಿನಲ್ಲೇ ಇರುತ್ತದೆ, ನೋಂದಣಿ ಮುಂದೆ ಹೋಗುವುದಿಲ್ಲ.

ನವಲೂರ ಪೇರಲ

ಬೇರೆ ಗಿರಾಕಿ ಹಿಡಿದುಬಿಟ್ಟರೆ ಅಂತ ಅಪ್ಪಾಜಿಗೆ ಆತಂಕ, ಕಾಕಾ. ಮನೆ ಅವರಿಗೆ ಬಹಳ ಹಿಡಿಸಿದೆ.

ಸಿಟಿಎಸ್ ಕಾಕಾ

ಹಿಡಿದರೆ ಹಿಡಿಯಲಿ. ಆ ಗಿರಾಕಿಗೂ ಅದೇ ಅಕ್ಕನ ಸಹಿ ಬೇಕಾಗುತ್ತದೆ. ನೀವು ಹೀಗೆ ಹೇಳಿ: ಮೂವರೂ ಸಹಿ ಮಾಡಿದ ಸಂಚಕಾರ ಪತ್ರ ಮಾಡೋಣ, ಐವತ್ತು ಸಾವಿರ ಚೆಕ್ಕಿನಲ್ಲಿ ಕೊಡುತ್ತೇವೆ, ಎರಡು ತಿಂಗಳು ಸಮಯ, ವಾರಸಾ ಮತ್ತು ಇ-ಖಾತಾ ನಿಮ್ಮ ಖರ್ಚಿನಲ್ಲಿ, ಆಗದಿದ್ದರೆ ರೊಕ್ಕ ವಾಪಸ್. ಇದಕ್ಕೆ ಒಪ್ಪಿದರೆ ಅವರು ಮಾರುವವರು. ನಗದೇ ಬೇಕು, ನಾಳೆಯೇ ಬೇಕು ಅಂದರೆ ಅಪ್ಪಾಜಿಯನ್ನು ಕರೆದುಕೊಂಡು ಮುಂದಿನ ಮನೆ ನೋಡಿ. ಸಿಟಿ ಸರ್ವೆ ಕಚೇರಿಗೆ ಸೋಮವಾರ ಬೆಳಿಗ್ಗೆ ಹೋಗಿ, ಮಧ್ಯಾಹ್ನ ಆದರೆ ಸರ್ವರ್ ಇಲ್ಲ ಅನ್ನುತ್ತಾರೆ.

ನವಲೂರ ಪೇರಲ

ಆಯ್ತು ಕಾಕಾ. ಸೋಮವಾರ ಉತಾರ ತೆಗೆಸಿ ಇಲ್ಲೇ ಹಾಕುತ್ತೇನೆ, ಹೆಸರು, ನಂಬರ್ ಮುಚ್ಚಿ.